ಅಂಬಿಗಿತ್ತಿಯನ್ನು ಹೊತ್ತೊಯ್ದವನು

ಕಥೆಯ ಕರಡಿನ ನಲವತ್ತೆರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ‘ಮುಸುಕುಧಾರಿಯೊಬ್ಬ ಅಂಬಿಗಿತ್ತಿಯ ಬಾಯಿ ಮುಚ್ಚಿ ಹೊತ್ತೊಯ್ಯುತ್ತಾನೆ. ಅವಳು ಅಳುತ್ತಾಳೆ.’ ಅಂಬಿಗಿತ್ತಿ ಅಳುವುದೆ? ಹತ್ತು ವರ್ಷದ ಹಿಂದೆ ಅಕ್ಕ ಬರೆದ ವಿಡಿಯೋ ಗೇಮಿನಲ್ಲಿ ಇದೇ ಹೆಂಗಸು, ಗಂಡ ಮಕ್ಕಳನ್ನು ಬಿಟ್ಟುಬಂದವಳು, ‘ನಾನೇ ಹೊರಟೆ, ಯಾರೂ ಕಳಿಸಲಿಲ್ಲ’ ಎನ್ನುತ್ತ ತುಂಬಿದ ಹೊಳೆಗೆ ದೋಣಿ ಇಳಿಸಿದ್ದಳು. ಆ ಒಂದು ಮಾತಿಗೇ ಆಟಗಾರರು ಮರುಳಾಗಿದ್ದರು. ಈಗ ಅವಳ ಹಿಂದಿನ ಬದುಕಿನ ಕಥೆ ಹೊಸ ಗೇಮಾಗಿ ಬರುತ್ತಿತ್ತು. ಅದರಲ್ಲಿ ಅವಳಿಗೆ ಬಾಯೇ ಇರಲಿಲ್ಲ. ಹೂಂ ಅನ್ನುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ, ಯಾರಾದರೂ ಬಂದು ಎತ್ತಿಕೊಂಡು ಹೋಗಲಿ ಎಂದು ಕಾದು ಕೂರುತ್ತಾಳೆ.

ಕಂಪನಿ ತಮ್ಮನದು. ‘ನಿನಗೂ ಸ್ವಲ್ಪ ಬಿಡುವು ಬೇಕಲ್ಲಕ್ಕ’ ಎಂದು ಈ ಸಲ ಬರೆಯಲು ಹೊಸಬನೊಬ್ಬನನ್ನು ತಂದು ಕೂರಿಸಿದ್ದ. ಆಗಿನಿಂದ ಅಕ್ಕನ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತ್ತು. ಅವಳು ಬಂದರೆ ಆಫೀಸಿನಲ್ಲಿ ಮಾತು ನಿಲ್ಲುತ್ತಿತ್ತು. ಕಥೆಯ ಫೈಲಿನ ಪಾಸ್‌ವರ್ಡ್ ಬದಲಾಗಿತ್ತು. ಈ ಪುಟಗಳೂ ಸಿಕ್ಕಿದ್ದು ಯಾರೋ ಮರೆತು ಪ್ರಿಂಟರಿನಲ್ಲಿ ಬಿಟ್ಟಿದ್ದರಿಂದ.

ಅವಳು ನೆಟ್ಟಗೆ ಹೊಸಬನ ಮೇಜಿಗೆ ಹೋದಳು.

“ಮೊದಲನೇ ಗೇಮ್ ಆಡಿದೀರಾ?”

“ಮೂರು ಸಲ ಮೇಡಂ.”

“ಮತ್ತೆ ಇದೇನ್ರೀ ಇದು? ಹಿಟ್ಟಿನ ಮೂಟೆ ಥರ ಹೊತ್ಕೊಂಡು ಹೋಗ್ತಾರಲ್ಲ ಅವಳನ್ನ!”

ಹೊಸಬ ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಕೂತ. “ಆ ಅಧ್ಯಾಯ ನಾನು ಬರೆದದ್ದಲ್ಲ.”

“ಇನ್ಯಾರು?”

“ನನ್ನನ್ನ ಸಿಕ್ಕಿಸಬೇಡಿ ಮೇಡಂ, ದಮ್ಮಯ್ಯ.” ಅವನ ಕಣ್ಣು ಮಾತ್ರ ತಮ್ಮನ ಕೋಣೆಯ ಕಡೆ ಹೋಗಿ ಬಂತು.

ಅಷ್ಟು ಸಾಕಿತ್ತು, ಅಕ್ಕನಿಗೆ ಎಲ್ಲ ಹೊಳೆದಂತಾಯಿತು: ತಮ್ಮ ಕಂಪನಿಯನ್ನು ಯಾರಿಗೋ ಮಾರುತ್ತಿದ್ದಾನೆ. ಕೊಳ್ಳುವವರಿಗೆ ಎದುರಾಡದ ನಾಯಕಿ ಬೇಕಾಗಿದ್ದಾಳೆ, ಎದುರಾಡದ ಅಕ್ಕನೂ. ಅವಳು ಹೇಳದೆ ಕೇಳದೆ ಒಳಗೆ ನುಗ್ಗಿ ಪುಟಗಳನ್ನು ತಮ್ಮನ ಮುಂದೆ ಕುಕ್ಕಿದಳು.

“ಯಾರಿಗೆ ಮಾರ್ತಿದೀಯೋ ಅಮ್ಮನ್ನ?”

ಅಂಬಿಗಿತ್ತಿಯನ್ನ ಎನ್ನಬೇಕಿತ್ತು, ಬಾಯಿ ತಪ್ಪಿತು. ಅಂಬಿಗಿತ್ತಿ ಯಾರೆಂದು ಇಬ್ಬರಿಗೂ ಗೊತ್ತಿದ್ದರೂ ಇಷ್ಟು ವರ್ಷದಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಕ್ಕನಿಗೆ ಹನ್ನೊಂದು, ತಮ್ಮನಿಗೆ ಐದು ವರ್ಷವಿದ್ದಾಗ ಒಂದು ಬೆಳಗಿನ ಜಾವ ಅಮ್ಮ ಮನೆ ಬಿಟ್ಟು ಹೋಗಿದ್ದಳು. ಅಕ್ಕನ ದಿಂಬಿನ ಕೆಳಗೆ ಚೀಟಿಯಿತ್ತು. ನಾನೇ ಹೊರಟೆ, ಯಾರೂ ಕಳಿಸಲಿಲ್ಲ.

ತಮ್ಮ ತಲೆ ಎತ್ತಲಿಲ್ಲ. “ಮಾರೋದೂ ಇಲ್ಲ, ಏನೂ ಇಲ್ಲ. ಅದನ್ನ ಬರೆದದ್ದು ನಾನೇ.”

“ನೀನಾ?” ತಿಂಗಳಿಂದ ಕಟ್ಟಿಕೊಂಡು ಬಂದ ಅನುಮಾನಕ್ಕೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. “ಅಮ್ಮನ್ನ ಯಾರೂ ಹೊತ್ಕೊಂಡು ಹೋಗ್ಲಿಲ್ಲ ಕಣೋ. ತಾನಾಗೇ ಹೋದ್ಲು.”

“ಗೊತ್ತು. ಅದಕ್ಕೇ ಹಾಗೆ ಬರೆದೆ.”

“ನಿನಗೇನು ಗೊತ್ತು? ನೀನು ನಿದ್ದೆ ಹೊಡೀತಿದ್ದೆ.”

“ಇಲ್ಲ, ಎದ್ದಿದ್ದೆ. ನೀರು ಕುಡಿಯೋಕೆ ಎದ್ದು ಬಂದೆ. ಅಮ್ಮ ಚಪ್ಪಲಿ ಹಾಕ್ಕೊಳ್ತಿದ್ಲು. ನನ್ನ ನೋಡಿ ನಕ್ಕಳು.”

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಈ ಮಾತು ಮೂವತ್ತು ವರ್ಷದಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ. “ಏನಾದ್ರೂ ಅಂದ್ಲಾ?”

ತಮ್ಮ ಚೆದುರಿದ ಪುಟಗಳ ಅಂಚನ್ನು ಸರಿಮಾಡಿದ. ಮತ್ತೆ ಸರಿಮಾಡಿದ.

“‘ಗಾಳಿ ಬರುತ್ತೆ ಪುಟ್ಟ, ಬಾಗಿಲು ಹಾಕ್ಕೋ’ ಅಂದ್ಲು. ಹಾಕ್ಕೊಂಡೆ ಅಕ್ಕ. ಸ್ಟೂಲು ಎಳ್ಕೊಂಡು ಬಂದು, ಮೇಲಿನ ಚಿಲಕಾನೂ ಹಾಕ್ದೆ.”