ಧಾರೆ ಎರೆದ ಜಾಗ

ಜೆಸಿಬಿ ಗೇಟಿನ ಹತ್ತಿರ ಬರುತ್ತಿದ್ದಂತೆ ಪೆರಿಯಣ್ಣನ್ ಅಡ್ಡ ಕೂತುಬಿಟ್ಟರು. ಎಪ್ಪತ್ತು ದಾಟಿದ ಜೀವ, ಮೇಲೆ ಉರಿಬಿಸಿಲು. ಗೇಟಿನೊಳಗೆ ಬೇವಿನ ನೆರಳಿತ್ತು. ಅಲ್ಲಿಗೆ ಮಾತ್ರ ಕಾಲಿಡಲೊಲ್ಲರು.

"ಮುದುಕನಿಗೆ ಜಾಗದ ಆಸೆ ಹತ್ತಿದೆ" ಎಂದು ಟೀ ಅಂಗಡಿಯಲ್ಲಿ ನಗು. ನಗದೆ ಏನು ಮಾಡಿಯಾರು? ಚಿನ್ನಮನೂರಿನ ಪಕ್ಕದ ಆ ಸಣ್ಣ ಊರಿನಲ್ಲಿ ರಸ್ತೆ ಬದಿಯ ನೆಲಕ್ಕೆ ಈಗ ಎಲ್ಲಿಲ್ಲದ ಬೆಲೆ. ಹಳೆಯ ಕಟ್ಟಡ ಕೆಡವಿ ಪಂಚಾಯಿತಿಯವರು ಅಂಗಡಿ ಸಾಲು ಕಟ್ಟುವವರಿದ್ದರು. ಅದು ಮೊದಲು ಶಾಲೆಯಾಗಿತ್ತು. ಶಾಲೆ ಬೇರೆ ಕಡೆ ಹೋದ ಮೇಲೆ ಆಸ್ಪತ್ರೆ ಬಂತು. ಆಸ್ಪತ್ರೆಯೂ ಬೈಪಾಸಿಗೆ ಹೋಯಿತು. ಈಗ ಒಳಗೆ ಬಾವಲಿಗಳ ಸಂಸಾರ.

ಊರಿನ ಒಳಿತಿಗೆಂದು ಜಾಗ ಕೊಟ್ಟವರು ಪೆರಿಯಣ್ಣನ್ ಅವರ ತಾತ. ಪತ್ರ ಗಿತ್ರ ಏನೂ ಇಲ್ಲ. ಊರವರ ಮುಂದೆ ನೀರು ಬಿಟ್ಟು ಧಾರೆ ಎರೆದರು, ಮುಗಿಯಿತು. ತಲೆಮಾರುಗಳ ಹಿಂದೆ ತಮಿಳು ಸೀಮೆಯ ಈ ಕಣಿವೆಗೆ ಬಂದು ನೆಲೆಸಿದ ಆ ಕನ್ನಡದ ಮನೆತನಕ್ಕೆ ಒಂದು ಕಟ್ಟಳೆಯಿತ್ತು: ಕೊಟ್ಟ ನೆಲವನ್ನು ತುಳಿಯಬಾರದು, ಅದರ ನೀರು, ನೆರಳು ಯಾವುದೂ ಬೇಡ. ಅಲ್ಲಿ ಏನು ಕಟ್ಟಿದರು, ಎಲ್ಲಿ ಕಟ್ಟಿದರು ಎಂದು ಇಣುಕಿ ನೋಡುವುದೂ ತಪ್ಪೇ. ಆ ಮನೆಯ ಮಕ್ಕಳು ಎದುರಿಗಿದ್ದ ಶಾಲೆ ಬಿಟ್ಟು ಚಿನ್ನಮನೂರಿಗೆ ನಡೆದು ಓದಿದರು.

ಮಗ ಬಾಲಮುರುಗನ್ ಓಡಿ ಬಂದ. "ಎದ್ದೇಳಪ್ಪಾ, ಊರೇ ನಗ್ತದೆ. ಕೊಟ್ಟದ್ದ ತಿರುಗಾ ಕೇಳ್ತಾರಾ?"

"ನಾನೆಲ್ಲಿ ಕೇಳ್ದೆ? ನಂಗೆ ಒಂದು ಹಿಡಿ ಮಣ್ಣೂ ಬ್ಯಾಡ. ಇಸ್ಕೂಲೋ ಆಸ್ಪತ್ರೆಯೋ ಇರ್ಲಿ, ಅಷ್ಟೇ. ಇಲ್ಲಿ ಅಂಗಡಿ ಬಂದ್ರೆ ನಿಮ್ಮವ್ವ ಯಾತಕ್ಕೆ ಸತ್ತಳು, ನೀನೇ ಹೇಳು."

ಬಾಲಮುರುಗನ್ ಹೆಗಲ ಮೇಲಿನ ಟವೆಲ್ ತೆಗೆದು ಅಪ್ಪನ ತಲೆಗೆ ಹೊದಿಸಿದ.

ಅವನ ತಾಯಿ ರಂಗಮ್ಮಾಳಿಗೆ ಹಾವು ಕಚ್ಚಿದ್ದು ಬಾಳೆ ತೋಟದಲ್ಲಿ. ಆಸ್ಪತ್ರೆ ಮನೆಯೆದುರಿಗೇ ಇತ್ತು. ಮದ್ದೂ ಇತ್ತು, ಡಾಕ್ಟರೂ ಇದ್ದರು. ಪೆರಿಯಣ್ಣನ್ ಹೆಂಡತಿಯನ್ನು ಹೊತ್ತುಕೊಂಡು ಗೇಟಿನ ತನಕ ಓಡಿದ್ದರು. "ಬ್ಯಾಡ ಮಾವಾ, ತಾತನ ಮಾತು ಕೆಡ್ತದೆ. ತೇನಿ ಆಸ್ಪತ್ರೆಗೇ ಹೋಗಾಣ" ಎಂದಳು ಅವಳು. ಇವರು ಅವಳ ಮಾತು ಕೇಳಿದರು. ಜೀಪು ದಾರಿಯಲ್ಲಿನ ವೀರಪಾಂಡಿ ದಾಟುವಷ್ಟರಲ್ಲಿ ಅವಳ ಕತ್ತು ಇವರ ತೋಳಿನ ಮೇಲೆ ವಾಲಿತ್ತು. ಅಯ್ಯೋ, ಆ ಗೇಟು ಎಷ್ಟು ಹತ್ತಿರವಿತ್ತು! ಆದರೂ ಮಾತು ಉಳಿಯಿತಲ್ಲ ಎಂಬ ಒಂದೇ ಸಮಾಧಾನದಲ್ಲಿ ಆ ಮನುಷ್ಯ ಇಷ್ಟು ವರ್ಷ ಅನ್ನ ತಿಂದಿದ್ದರು.

ಗಲಾಟೆ ಬೇಡವೆಂದು ಪಂಚಾಯಿತಿ ಅಧ್ಯಕ್ಷ ರಾಜೇಂದ್ರನ್ ಸರ್ವೇಯರ್ ಜೆಯಂತಿಯನ್ನು ಕರೆಸಿದ. ದಾನದ ಜಾಗವೆಂದು ಗೊತ್ತಾದರೆ ಅಂಗಡಿ ಕಟ್ಟುವುದಿಲ್ಲ ಎಂದು ಎಲ್ಲರೆದುರು ಒಪ್ಪಿದ. ಜೆಯಂತಿ ಮುಳ್ಳು ಕಡಿಸಿದಳು, ಹೂತುಹೋಗಿದ್ದ ಗಡಿಕಲ್ಲುಗಳನ್ನು ಅಗೆಸಿದಳು, ಹಳೆಯ ಸರ್ಕಾರಿ ನಕ್ಷೆ ಹಿಡಿದು ಅಳೆದಳು. ಪೆರಿಯಣ್ಣನ್ ಹೊರಗಡೆಯೇ ಕೈಮುಗಿದುಕೊಂಡು ಕಾದರು.

ಮಧ್ಯಾಹ್ನ ಅವಳು ಬೆವರು ಒರೆಸಿಕೊಳ್ಳುತ್ತ ಬಂದಳು. "ಅಯ್ಯಾ, ಬೇಜಾರು ಮಾಡ್ಕೋಬೇಡಿ. ಹಳೇ ದಾಖಲೆಯಲ್ಲಿ ಇಲ್ಲಿ ನಿಮ್ಮ ತಾತನದ್ದು ಅಂತ ಇರೋದು ಹಿಂದಿನ ಮುಳ್ಳುಕಾಡು ಮಾತ್ರ, ಅವರು ಕೊಟ್ಟಿದ್ದು ಅದೇ. ಅದು ಹಾಗೇ ಬಿದ್ದಿದೆ, ಅಲ್ಲಿ ಯಾರೂ ಏನೂ ಕಟ್ಟಿಲ್ಲ. ಈ ಕಟ್ಟಡ, ಈ ಗೇಟು, ಎಲ್ಲ ಮೊದಲಿಂದಲೂ ಸರ್ಕಾರದ ನೆಲ."

ರಾಜೇಂದ್ರನ್ ನಕ್ಕ. ಜೆಸಿಬಿ ಮತ್ತೆ ಗುರುಗುಟ್ಟಿತು. ಮಗ ತಂದೆಯ ತೋಳು ಹಿಡಿದ. "ಸೋತ್ರೆ ಸೋತ್ವಿ, ಬಾಪ್ಪಾ. ಮನೆಗೆ ಹೋಗಾಣ."

ಪೆರಿಯಣ್ಣನ್ ಕೈ ಬಿಡಿಸಿಕೊಂಡರು. ಎದ್ದು, ಜೀವಮಾನದಲ್ಲಿ ಮೊದಲ ಸಲ, ಗೇಟು ದಾಟಿ ಒಳಗೆ ಹೋದರು. ಯಾರೂ ತಡೆಯಲಿಲ್ಲ. ಸೂರು ಬಿದ್ದ ವರಾಂಡದಲ್ಲಿ ನಿಂತು ಆ ಬಾಗಿಲು, ಈ ಬಾಗಿಲು ನೋಡಿದರು. ಆಮೇಲೆ ಜೆಯಂತಿಯ ಕಡೆ ತಿರುಗಿದರು.

"ಅಮ್ಮಾ, ಹಾವು ಕಚ್ಚಿದೋರ್ಗೆ ಸೂಜಿ ಹಾಕ್ತಿದ್ದ ರೂಮು ಯಾವ್ದು?"