ಬಡಿಯಬೇಕಾದ ಬಾಗಿಲು

ಸರ್ಕಾರಿ ಗೃಹಸಾಲ ಸಿಗಬೇಕಾದರೆ ಮೊದಲು ಇಲಾಖೆಯವರು ಖಾಲಿ ಜಾಗದಲ್ಲಿ ಹೊತ್ತಿಸಿಕೊಡುವ ಬೆಳಕಿನ ಮನೆಯಲ್ಲಿ ಒಂದು ವಾರ ಬದುಕಿ ತೋರಿಸಬೇಕಿತ್ತು. ಗೋಡೆಯೆಲ್ಲ ಬೆಳಕು, ಬಾಗಿಲು ಮಾತ್ರ ಮರದ್ದು. ಆ ವಾರದೊಳಗೆ ಯಾರಾದರೂ ಬಂದು ಅದನ್ನು ಬಡಿದರೆ ಗೋಡೆ ಹಸಿರಾಗಿ, ಸಾಲ ಮಂಜೂರು.

ಬಟ್ಟೆ ಹೊಲಿಯುವ ಗುರುಬಸವ್ವ ವಾರವಿಡೀ ಎರಡು ಲೋಟ ಚಹಾ ಮಾಡಿಟ್ಟು ಕಾದಳು. ಊರವರು ರಸ್ತೆಯಿಂದಲೇ "ಕುಪ್ಪಸ ಆತೇನಬೇ?" ಎಂದು ಕೂಗಿ ಹೋಗುತ್ತಿದ್ದರು. ಬಾಗಿಲು ಬಡಿಯುವ ರೂಢಿ ಆ ಊರಲ್ಲೇ ಇರಲಿಲ್ಲ.

ಕೊನೆಯ ದಿನ ಬೆಳಕಿನ ಮನೆ ನಂದಿಸಲು ಬಂದ ಅಧಿಕಾರಿ, ಪಟ್ಟಣದ ಅಭ್ಯಾಸಬಲದಿಂದ ಬಾಗಿಲು ಬಡಿದುಬಿಟ್ಟ. ಗೋಡೆ ಹಸಿರಾಯಿತು.

"ಸಾಲ ಆಯ್ತಲ್ಲಮ್ಮ!" ಎಂದು ನಕ್ಕು, ಚಹಾ ಬೇಡವೆಂದು ಹೊರಟ.

"ಸಾಹೇಬ್ರ, ಇನ್ನೊಮ್ಮೆ ಬಡೀರಿ."

"ಯಾಕಮ್ಮ?"

"ಸಾಲಕ್ಕಲ್ರಿ. ಯಾರೋ ಬಂದಾರಂತ ಎದ್ದು ಬರತೀನಿ," ಎಂದವಳೇ ಗುರುಬಸವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.