ಹಣಮಂತ್ರಾಯನ ಜೀಪಿಗೆ ದೊಡ್ಡ ಎಂಜಿನ್

ಮೆಕ್ಯಾನಿಕ್ ಹುಲಗಪ್ಪ ಜೀಪಿನ ಬ್ರೇಕಿನ ಪೈಪಿಗೆ ಕೈ ಹಾಕಿದ್ದೇ ತಡ, ಹಣಮಂತ್ರಾಯ ಮಂಚದಿಂದ ಎದ್ದು ಬಂದ.

“ಏನ್ ಮಾಡಾಕತ್ತಿಯೋ ಹುಲಗ್ಯಾ?”

“ಹಳೀ ಬ್ರೇಕು ದೊಡ್ಡ ಎಂಜಿನ್ನಿಗೆ ಸಾಲಂಗಿಲ್ರಿ ಸಾವಕಾರ್ರ. ಬದ್ಲಿ ಮಾಡಾಕತ್ತೀನಿ.”

“ಮಾಡು. ನನ್ನ ಕಣ್ಮುಂದ ಮಾಡು.”

ಅನುಮಾನ ಸುಮ್ಮನೆ ಬಂದದ್ದಲ್ಲ. ಭೀಮಾ ಹೊಳೆಯ ಮರಳು ಕದಿಯುವಾಗ ಅಡ್ಡ ನಿಂತ ಮೀನುಗಾರ ದೇವುವನ್ನು ಹಣಮಂತ್ರಾಯ ಇದೇ ಜೀಪಿನಿಂದ ಗುದ್ದಿ ಕೊಂದಿದ್ದ. ದೇವು ಹುಲಗಪ್ಪನ ಒಡಹುಟ್ಟಿದ ತಮ್ಮ. ವಾರಂಟು ಹೊರಟಿತ್ತು, ಆದರೆ ಆಸಾಮಿ ಸಿಗಬೇಕಲ್ಲ! ವಡಗೇರಾ ಕಡೆಯ ಈ ತೋಟದಲ್ಲಿ ಅಡಗಿದ್ದಾನೆಂದು ಹುಲಗಪ್ಪನೇ ಎರಡು ಸಲ ಗುಟ್ಟಾಗಿ ಪೊಲೀಸರಿಗೆ ಫೋನ್ ಮಾಡಿದ್ದ. ಎರಡು ಸಲವೂ ಜೀಪು ನೀರು ಬತ್ತಿದ ಹೊಳೆಗಿಳಿದು ಆಚೆ ದಡ ಸೇರಿತ್ತು. ಪೊಲೀಸರ ಗಾಡಿ ಮರಳಿಗಿಳಿಯಲಾರದೆ ಈಚೆ ದಡದಲ್ಲೇ ನಿಂತಿತ್ತು.

ಎರಡನೆಯ ಸಲ ಮಾತ್ರ ಡಾಂಬರು ರಸ್ತೆಯಲ್ಲಿ ಅವರು ಬೆನ್ನಿಗೇ ಬಂದುಬಿಟ್ಟಿದ್ದರು. ಅದಕ್ಕೇ ಈಗ ದೊಡ್ಡ ಎಂಜಿನ್. ಯಾದಗಿರಿಯಿಂದ ಸುರಪುರದ ತನಕ ಈ ಕೆಲಸಕ್ಕೆ ಶಹಾಪುರದ ಹುಲಗಪ್ಪನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಜೊತೆಗೆ, ತಮ್ಮನನ್ನು ಕೊಂದ ಗಾಡಿಯನ್ನು ಅಣ್ಣನ ಕೈಯಲ್ಲೇ ಸಿಂಗರಿಸುವುದೆಂದರೆ ಹಣಮಂತ್ರಾಯನಿಗೆ ಹಬ್ಬ. ಸೊಕ್ಕು ತಲೆಗೇರಿದವನ ಸಂತೋಷಗಳೇ ಹೀಗೆ.

ಮನೆಯಲ್ಲಿ ತಾಯಿ ಶೇಖಮ್ಮ ಮಗನ ಮುಂದಿನ ತಟ್ಟೆಯನ್ನು ಎತ್ತಿಬಿಟ್ಟಳು.

“ಕೊಂದವನ ಗಾಡಿಗಿ ಎಂಜಿನ್ ಹಾಕಾಕತ್ತಿ. ರೊಟ್ಟಿ ಹೆಂಗ ಇಳೀತದೋ ನಿನ್ನ ಗಂಟಲಾಗ?”

“ಖೊಟ್ಟಿ ಕೆಲಸ ನನ್ನ ಕೈಲೆ ಆಗಂಗಿಲ್ಲ ಯವ್ವಾ. ಚಂದ ಮಾಡಿ ಕೊಡ್ತೀನಿ.”

ಉಪವಾಸ ಮಲಗಿದ. ಹೊಟ್ಟೆಯಲ್ಲಿ ಹಸಿವಿಗಿಂತ ಹಗೆ ಹೆಚ್ಚು ಉರಿಯುತ್ತಿತ್ತು. ಹಣಮಂತ್ರಾಯ ಸತ್ತರೆ ಸಾಲದು, ಸಿಕ್ಕಿಬೀಳಬೇಕು, ಊರೆಲ್ಲ ನೋಡಬೇಕು.

ಹಳೆಯ ಪೆಟ್ರೋಲ್ ಎಂಜಿನ್ನನ್ನು ಆಳುಗಳು ಬಿದಿರಿನ ಬೊಂಬಿಗೆ ಕಟ್ಟಿ ಹೊತ್ತು ಹೊರಗಿಟ್ಟರು. ಡೀಸೆಲ್ ಎಂಜಿನ್ನನ್ನು ಬೇವಿನ ಕೊಂಬೆಗೆ ಸರಪಳಿ ರಾಟೆ ಕಟ್ಟಿ ಇಳಿಸಬೇಕಾಯಿತು. ಜೀಪಿನ ಮೂತಿ ಕುಸಿಯಿತು. ಹುಲಗಪ್ಪ ದಪ್ಪ ಸ್ಪ್ರಿಂಗ್ ಪಟ್ಟಿ ಹಾಕಿದ. ಮೂತಿ ಮತ್ತೆ ಸೆಟೆದು ನಿಂತಿತು.

ಹಣಮಂತ್ರಾಯ ಪರೀಕ್ಷೆಗೆಂದು ಸುರಪುರದಿಂದ ಮತ್ತೊಬ್ಬ ಮೆಕ್ಯಾನಿಕ್ ಗಯಾಸನನ್ನು ಕರೆಸಿದ. ಗಯಾಸ ಜೀಪಿನಡಿ ನುಸುಳಿ ಹೊರಬಂದು, “ಒಂದ್ ನಟ್ಟೂ ಸಡಿಲಿಲ್ರಿ. ಅಸಲ್ ಕೆಲಸ!” ಎಂದ. ಆದರೂ ಮೊದಲು ಓಡಿಸಲು ಹುಲಗಪ್ಪನನ್ನೇ ಕೂರಿಸಲಾಯಿತು. ಡಾಂಬರಿನ ಮೇಲೆ ಜೀಪು ಹಾರಿತು. ಬ್ರೇಕು ಒತ್ತಿದಲ್ಲೇ ನಿಂತಿತು.

ಹಣಮಂತ್ರಾಯ ಬಾಯಿ ತುಂಬ ನಕ್ಕ. “ನಿನ್ನ ತಮ್ಮ ಇದ್ದಿದ್ರ ಇದನ್ನ ನೋಡಿ ಖುಷಿ ಪಡ್ತಿದ್ದ.”

“ಪಡ್ತಾನ್ರಿ,” ಎಂದ ಹುಲಗಪ್ಪ. ಅವನಿಗೆ ಆ ಗಂಟಲನ್ನು ಅಲ್ಲೇ ಹಿಸುಕಿಬಿಡಬೇಕೆನಿಸಿತು. ಕೈ ಒರೆಸಿಕೊಂಡು ಹೊರಟ. ದಾರಿಯಲ್ಲಿ ಮೂರನೆಯ ಸಲ ಪೊಲೀಸರಿಗೆ ಫೋನ್ ಮಾಡಿದ.

ಮರುದಿನ ಬೆಳಿಗ್ಗೆ ತಾಯಿಯನ್ನು ಹೊಳೆಯ ದಂಡೆಗೆ ಕರೆತಂದು ನಿಲ್ಲಿಸಿದ. ಮೀನುಗಾರರೂ ನೆರೆದಿದ್ದರು. ದೂರದಲ್ಲಿ ಧೂಳೆದ್ದಿತು. ಜೀಪಿನ ವೇಗಕ್ಕೆ ಪೊಲೀಸರ ಗಾಡಿ ಎಲ್ಲೋ ಹಿಂದೆ ಉಳಿದಿತ್ತು.

“ಇವತ್ತೂ ಹೋದ ಮೂಳ,” ಶೇಖಮ್ಮ ನೆಟಿಕೆ ಮುರಿದಳು.

ಹಣಮಂತ್ರಾಯ ಎಂದಿನಂತೆ ಹೊಳೆಗಿಳಿಸಿದ. ನಡುಹೊಳೆಯ ಹಸಿ ಮರಳಿನಲ್ಲಿ ಜೀಪು ಮೂತಿ ತಗ್ಗಿಸಿತು. ಆಕ್ಸಿಲರೇಟರನ್ನು ಬಲವಿದ್ದಷ್ಟೂ ಒತ್ತಿದ. ಎಂಜಿನ್ ಗರ್ಜಿಸಿತು, ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ಜೀಪು ಬಾನೆಟ್ಟಿನ ತನಕ ಹೂತುಹೋಯಿತು. ಪೊಲೀಸರು ಬೂಟು ಬಿಚ್ಚಿ, ನಡೆದೇ ಹೋಗಿ ಕೈಗೆ ಕೋಳ ಹಾಕಿದರು.

ಶೇಖಮ್ಮ ಮಗನ ತೋಳು ಹಿಡಿದಳು. “ಏನ್ ಕೆಡಿಸಿದ್ಯೋ ಗಾಡ್ಯಾಗ?”

“ಏನೂ ಕೆಡಿಸಿಲ್ಲ ಯವ್ವಾ. ಇಷ್ಟ್ ದಿನ ಗಾಡಿ ಹಗೂರಿತ್ತು ಅಂತ ಉಸುಕು ಅವನ್ನ ಹೊತ್ತಿತ್ತು. ನಾ ಭಾರ ಹೆಚ್ಚು ಮಾಡ್ದೆ, ಅಷ್ಟ.”